ನ್ಯೂಯಾರ್ಕ್ ಬಿಟ್ಟು ವಯೋಮಿಂಗ್‌ಗೆ: ಕೆಲಸ ಹೆಂಡತಿಗೆ, ಕಾಗದಪತ್ರ ಮನೆಮಂದಿಗೆಲ್ಲ

ಅಮೆರಿಕದಲ್ಲಿ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯ ತರಬೇತಿ, ಮುಗಿಸುತ್ತಿರುವ ನಮ್ಮ ಕಡೆಯ ಡಾಕ್ಟರುಗಳ ಮನೆಯವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ತರಬೇತಿ ಮುಗಿದ ಮೇಲೂ ಇಲ್ಲೇ ಉಳಿಯಲು ಬೇಕಾಗುವ ವೇವರ್ ಬಗ್ಗೆ ಡಾಕ್ಟರುಗಳು ಡಾಕ್ಟರುಗಳಿಗೆ ಹೇಳಿಕೊಂಡಿದ್ದು ಬೇಕಾದಷ್ಟಿದೆ. ಅವರ ಹಿಂದೆ ಗಂಟುಮೂಟೆ ಕಟ್ಟಿಕೊಂಡು ಹೊರಡುವ ಗಂಡ, ಹೆಂಡತಿ, ಮಕ್ಕಳಿಗೆ ಯಾರೂ ಏನೂ ಹೇಳುವುದಿಲ್ಲ. ನಾನು ಹಾಗೆ ಹೊರಟ ಒಬ್ಬ ಗಂಡ.

ನಾವೀಗ ಇರುವುದು ವಯೋಮಿಂಗ್ ರಾಜ್ಯದ ನೈಋತ್ಯ ಭಾಗದಲ್ಲಿ, ಐ-80 ಹೆದ್ದಾರಿಯ ಪಕ್ಕದ ಒಂದು ಊರಿನಲ್ಲಿ. ಊರಿನ ಹೆಸರು ಬೇಡ. ಇಲ್ಲಿ ಕನ್ನಡದವರ ಮನೆ ನಮ್ಮದೊಂದೇ, ಹೆಸರು ಹೇಳಿದರೆ ಬಾಗಿಲಿಗೆ ಬೋರ್ಡ್ ಹಾಕಿದಂತೆ. ಮೊದಲು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದೆವು. ಫ್ಲಶಿಂಗ್ ಗಣೇಶ ದೇವಸ್ಥಾನದ ಕ್ಯಾಂಟೀನ್ ದೋಸೆಗೆ ಬಸ್ಸಿನಲ್ಲೇ ಹೋಗಿಬರುತ್ತಿದ್ದೆವು. ಇಲ್ಲಿಂದ ಹತ್ತಿರದ ಗಣೇಶನ ಗುಡಿ ಅಂದರೆ ಪಕ್ಕದ ಯೂಟಾ ರಾಜ್ಯದ ಸೌತ್ ಜೋರ್ಡನ್‌ನದ್ದು. ರಸ್ತೆ ಚೆನ್ನಾಗಿದ್ದರೆ ಮೂರು ಗಂಟೆ ದಾರಿ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಜೆ-1 ವೀಸಾದಲ್ಲಿ ರೆಸಿಡೆನ್ಸಿಗೆ ಬಂದ ಡಾಕ್ಟರು ತರಬೇತಿ ಮುಗಿದ ಮೇಲೆ 2 ವರ್ಷ ಸ್ವದೇಶದಲ್ಲಿ ಇರಬೇಕು ಅನ್ನುವುದು ನಿಯಮ. ಆ ನಿಯಮದಿಂದ ಬಿಡುಗಡೆ ಕೊಡುವುದೇ ವೇವರ್. ಬೇರೆ ಜೆ-1ನವರಿಗೆ ಇರುವ 'ನೋ ಅಬ್ಜೆಕ್ಷನ್' ದಾರಿ, ಅಂದರೆ ನಮ್ಮ ಅಭ್ಯಂತರ ಇಲ್ಲ ಅಂತ ಸ್ವದೇಶದ ಸರ್ಕಾರ ಬರೆದುಕೊಡುವುದು, ವೈದ್ಯಕೀಯ ತರಬೇತಿಗೆ ಬಂದವರಿಗೆ ಇಲ್ಲ. ಹೆಚ್ಚಿನವರು ಹಿಡಿಯುವುದು ಕಾನ್ರಾಡ್ 30 ಅನ್ನುವ ದಾರಿ. ಡಾಕ್ಟರುಗಳ ಕೊರತೆ ಇರುವ ಜಾಗದಲ್ಲಿ 3 ವರ್ಷ, ವಾರಕ್ಕೆ 40 ಗಂಟೆ ಕೆಲಸ ಮಾಡುತ್ತೇನೆ ಅಂತ ಒಪ್ಪಿದರೆ ರಾಜ್ಯದ ಆರೋಗ್ಯ ಇಲಾಖೆ ಶಿಫಾರಸು ಮಾಡುತ್ತದೆ. ಪ್ರತಿ ರಾಜ್ಯಕ್ಕೂ ವರ್ಷಕ್ಕೆ 30 ಜಾಗ. ಕ್ಯಾಲಿಫೋರ್ನಿಯಾಗೂ 30, ಆರು ಲಕ್ಷ ಜನವೂ ಇಲ್ಲದ ವಯೋಮಿಂಗ್‌ಗೂ 30! ದೊಡ್ಡ ರಾಜ್ಯಗಳಲ್ಲಿ ನೂಕುನುಗ್ಗಲು, ಇಲ್ಲಿ ಅಂಥ ಪೈಪೋಟಿ ಇಲ್ಲ. ನಾವು ಪಶ್ಚಿಮದ ಕಡೆ ತಿರುಗಿದ್ದಕ್ಕೆ ಅದೇ ಮೊದಲ ಕಾರಣ. ಎರಡನೆಯದು ಸಂಬಳ. ಡಾಕ್ಟರು ಸಿಗದ ಊರಿನವರು ಜಾಸ್ತಿ ಕೊಡುತ್ತಾರೆ. ಮೇಲಾಗಿ ವಯೋಮಿಂಗ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ನ್ಯೂಯಾರ್ಕಿನಲ್ಲಿ ರಾಜ್ಯಕ್ಕೊಂದು, ನಗರಕ್ಕೊಂದು ಅಂತ ಎರಡು ಕಟ್ಟುತ್ತಿದ್ದವರಿಗೆ ಇದು ಸಣ್ಣ ಮಾತಲ್ಲ.

2023ರ ಬೇಸಿಗೆಯಲ್ಲಿ, ಇವಳ ರೆಸಿಡೆನ್ಸಿಯ ಕೊನೆಯ ವರ್ಷ ಶುರುವಾಗುತ್ತಿದ್ದ ಹಾಗೇ ಕೆಲಸ ಹುಡುಕಿದೆವು. ವೇವರ್‌ನ ಲೆಕ್ಕದ ವರ್ಷ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ. ಅಷ್ಟರಲ್ಲಿ ಒಪ್ಪಂದ ಕೈಯಲ್ಲಿದ್ದರೆ ಅರ್ಧ ಉಸಿರು ಬಂದಂತೆ. ಆಸ್ಪತ್ರೆಯವರು ಊರು ನೋಡಲು ಕರೆದರು. ಡಾಕ್ಟರಿಗೆ ಮಾತ್ರ ಟಿಕೆಟ್ ಅಂದರು. ಇಡೀ ಸಂಸಾರ ಬಂದು ನೋಡಬೇಕು ಅಂತ ಇವಳು ಪಟ್ಟು ಹಿಡಿದಳು, ಕೊಟ್ಟರು. ನೀವೂ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆಗಸ್ಟ್‌ನಲ್ಲಿ ನೋಡಿದಾಗ ಊರು ಚೆಂದವೇ. ಬೋಳು ಗುಡ್ಡಗಳು, ತಲೆ ಎತ್ತಿದರೆ ಬರೀ ಆಕಾಶ, ಉದ್ದುದ್ದ ಗೂಡ್ಸ್ ರೈಲು. ಮರ ಮಾತ್ರ ಎಣಿಸಿಕೊಳ್ಳಬೇಕು. ಸಾಗರದ ಕಡೆ ಅಡಿಕೆ ತೋಟದ ನಡುವೆ ಬೆಳೆದ ನನಗೆ ಕಣ್ಣಿಗೆ ಏನೋ ಕಮ್ಮಿ ಅನ್ನಿಸುತ್ತಿತ್ತು. ದಾವಣಗೆರೆಯವಳಾದ ಇವಳಿಗೆ ಹಾಗೇನೂ ಅನ್ನಿಸಲಿಲ್ಲ. "ನೋಡ್ರೀ, ನಮ್ಮ ಜಗಳೂರಿನ ಕಡೆ ಇದ್ದಂಗೆ ಐತಿ" ಅಂದಳು. ಸಾಧ್ಯವಾದರೆ ಊರನ್ನು ಜನವರಿಯಲ್ಲೂ ಒಮ್ಮೆ ನೋಡಿ. ಆಗಸ್ಟ್‌ನಲ್ಲಿ ಯಾವ ಊರೂ ತನ್ನ ಗಾಳಿಯನ್ನು ತೋರಿಸುವುದಿಲ್ಲ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಿದೆವು. ಸಂಬಳದ ಅಂಕಿ ಒಂದನ್ನೇ ನೋಡಬೇಡಿ ಅಂದರು. ಸೇರುವಾಗ ಕೊಡುವ ಬೋನಸ್ಸು, ಮನೆ ಸಾಗಿಸುವ ಹಣ, ಇವನ್ನೆಲ್ಲ ಮಧ್ಯದಲ್ಲಿ ಬಿಟ್ಟರೆ ವಾಪಸ್ ಕಟ್ಟಬೇಕಾಗುತ್ತದೆ. ಎಷ್ಟು, ಯಾವ ಲೆಕ್ಕದಲ್ಲಿ ಅನ್ನುವುದು ಸಣ್ಣ ಅಕ್ಷರದಲ್ಲಿರುತ್ತದೆ. ರಾತ್ರಿ ಪಾಳಿ ಎಷ್ಟು, ಬಿಟ್ಟು ಹೋದ ಮೇಲೆ ಯಾರಾದರೂ ಕೇಸ್ ಹಾಕಿದರೆ ವಿಮೆ ಯಾರದು, ಅದನ್ನೂ ಬರೆಸಿಕೊಳ್ಳಿ. ಇನ್ನೊಂದು: 2018ರಿಂದ ಮನೆ ಸಾಗಿಸಲು ಕಂಪನಿ ಕೊಡುವ ಹಣವನ್ನೂ ಆದಾಯ ಅಂತಲೇ ಲೆಕ್ಕ ಹಿಡಿದು ತೆರಿಗೆ ಹಿಡಿಯುತ್ತಾರೆ. ಕಾಗದದ ಮೇಲಿನ ಮೊತ್ತ ಪೂರ್ತಿ ಕೈಗೆ ಬರುವುದಿಲ್ಲ.

ಆಮೇಲೆ ಶುರುವಾಯಿತು ಕಾಗದದ ಕೆಲಸ. ಡಿಎಸ್-3035 ಅನ್ನುವ ವೇವರ್ ಫಾರ್ಮ್ ಆನ್‌ಲೈನಿನಲ್ಲಿ ತುಂಬಿದರೆ ಒಂದು ಕೇಸ್ ನಂಬರ್ ಕೊಡುತ್ತಾರೆ, ಶುಲ್ಕ 120 ಡಾಲರ್. ಕಳಿಸುವ ಪ್ರತಿ ಹಾಳೆಯ ಮೇಲೂ ಆ ನಂಬರ್ ಇರಬೇಕು. ಪಾಸ್‌ಪೋರ್ಟ್ ಪ್ರತಿ, ಜೆ-1ರಲ್ಲಿ ಓದಲು ಇರಲು ಕೊಟ್ಟಿದ್ದ ಎಲ್ಲ ಡಿಎಸ್-2019 ಪತ್ರಗಳು, ಒಪ್ಪಂದ, ಅರ್ಹತಾ ಪತ್ರ, ಹೀಗೆ ಒಂದು ಕಟ್ಟು. ಒಂದು ಭಾನುವಾರ ಊಟದ ಮೇಜಿನ ಮೇಲೆ ಎಲ್ಲ ಹರಡಿಕೊಂಡು ಬಲಗಡೆ ಮೂಲೆಯಲ್ಲಿ ನಂಬರ್ ಬರೆಯುತ್ತಾ ಕೂತೆ. ಮಗಳು ನೋಡಿಕೊಂಡು ನಿಂತಿದ್ದವಳು ತಾನೂ ಬರೆಯುತ್ತೇನೆ ಅಂದಳು. ಅವಳಿಗೆ ಏಳು ವರ್ಷ, ಅಂಕಿ ಚೆನ್ನಾಗಿ ಬರೆಯುತ್ತಾಳೆ. ಆದರೂ ಕೊಡಲಿಲ್ಲ. ಅವಳಿಗೆ ಬೇರೆ ಹಾಳೆ ಕೊಟ್ಟೆ. ಅದೇ ನಂಬರನ್ನು ಹಾಳೆ ತುಂಬಾ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಮುಂದೆ ಸರ್ಕಾರದ ಸೈಟಿನಲ್ಲಿ ಕೇಸ್ ಎಲ್ಲಿಗೆ ಬಂತು ಅಂತ ನೋಡುವಾಗಲೆಲ್ಲ ನಾನು ನಂಬರ್ ಹುಡುಕುತ್ತಿದ್ದುದು ಫ್ರಿಜ್ಜಿನ ಮೇಲೆಯೇ.

ಮೊದಲ ಅಡ್ಡಿ ಬಂದದ್ದು ವೇವರ್‌ನಲ್ಲಿ ಅಲ್ಲ, ವಯೋಮಿಂಗ್‌ನ ಮೆಡಿಕಲ್ ಲೈಸೆನ್ಸ್‌ನಲ್ಲಿ. ಅದಿಲ್ಲದೆ ಎಚ್-1ಬಿ, ಅಂದರೆ ಕೆಲಸದ ವೀಸಾದ, ಅರ್ಜಿ ಮುಂದೆ ಹೋಗದು. ಡಾಕ್ಟರುಗಳ ಲೈಸೆನ್ಸ್ ಪರೀಕ್ಷೆ ಯುಎಸ್ಎಂಎಲ್ಇಯ ಮೂರೂ ಹಂತ ಪಾಸಾಗಿರಬೇಕು, ಅದು ಆಗಿತ್ತು. ತೊಡಕಾಗಿದ್ದು ಹೆಸರು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಇರುತ್ತೆ ಅಲ್ವಾ, ಊರಿಗೊಂದು, ಅಪ್ಪನಿಗೊಂದು? ಎಂಬಿಬಿಎಸ್ ಡಿಗ್ರಿಯಲ್ಲೂ ಹಾಗೇ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ಪೂರ್ತಿ ಬರೆಸಿದ್ದರು, ಊರಿನ ಹೆಸರು ಬಿಟ್ಟುಹೋಗಿತ್ತು. ಎರಡೂ ಒಬ್ಬರೇ ಅಂತ ತೋರಿಸಬೇಕಾಯಿತು. ನನ್ನ ಬಾಮೈದ ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ಜಯನಗರದ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ, ಕಾಲೇಜಿಗೂ ಅಲೆದು, ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಕಳಿಸಿದ. "ಅಕ್ಕನ ಹೆಸರಿನಾಗ ಒಂದು ಚುಕ್ಕಿ ಇಟ್ಟಿದ್ದಕ್ಕ ನನಗ ಎರಡು ಜೊತಿ ಚಪ್ಪಲಿ ಹರಿದುವು ಭಾವ" ಅಂತ ಈಗಲೂ ಅಣಕಿಸುತ್ತಾನೆ. ರೆಸಿಡೆನ್ಸಿಗೆ ಬರುವ ಮೊದಲೇ ಎಲ್ಲ ದಾಖಲೆಯಲ್ಲೂ ಹೆಸರು ಒಂದೇ ಥರ ಮಾಡಿಸಿಕೊಂಡು ಬನ್ನಿ. ಆಗದಿದ್ದರೆ ಅಫಿಡವಿಟ್ಟಿನ ಮೂಲ ಪ್ರತಿ ಒಂದಲ್ಲ, ಐದಾರು ಇಟ್ಟುಕೊಳ್ಳಿ.

ರಾಜ್ಯದ ಆರೋಗ್ಯ ಇಲಾಖೆ ಶಿಫಾರಸು ಮಾಡಿ ವಾಷಿಂಗ್ಟನ್‌ಗೆ ಕಳಿಸಿತು. ಅಲ್ಲಿ ವಿದೇಶಾಂಗ ಇಲಾಖೆ ನೋಡಬೇಕು. ಅಲ್ಲಿಂದ ವಲಸೆ ಇಲಾಖೆಗೆ, ಅಂದರೆ ಯುಎಸ್‌ಸಿಐಎಸ್‌ಗೆ. ಮೂರು ಮೇಜು, ಮೂರು ಕಾಯುವಿಕೆ. ಚಳಿಗಾಲ ಪೂರ್ತಿ ಇದರಲ್ಲೇ ಕಳೆಯಿತು. ಈ ಹೊತ್ತಿನಲ್ಲಿ ಮಾಡಲು ಏನೂ ಇರುವುದಿಲ್ಲ. ಅದೇ ಕಷ್ಟ.

ಈಗ ನನ್ನ ಕಥೆಗೆ ಬರುತ್ತೇನೆ. ಜೆ-1 ಡಾಕ್ಟರ ಗಂಡ ಅಥವಾ ಹೆಂಡತಿಗೆ ಜೆ-2. ಅದರಲ್ಲಿ ವರ್ಕ್ ಪರ್ಮಿಟ್ ಸಿಗುತ್ತದೆ. ನಾನು ನ್ಯೂಜೆರ್ಸಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಕೆಲಸ ಮನೆಯಿಂದಲೇ. ವಯೋಮಿಂಗ್‌ಗೆ ಹೋದರೂ ಲ್ಯಾಪ್‌ಟಾಪ್ ಎತ್ತಿಕೊಂಡು ಹೋದರಾಯಿತು ಅಂದುಕೊಂಡೇ ಮನೆಯ ಲೆಕ್ಕವೆಲ್ಲ ಹಾಕಿದ್ದೆವು. ಆದರೆ ವೇವರ್ ಆದ ಮೇಲೆ ಡಾಕ್ಟರು ಎಚ್-1ಬಿಗೆ ಬದಲಾಗುತ್ತಾರೆ. ಅವರಿಗೆ ಲಾಟರಿ ಇಲ್ಲ, ಎಚ್-1ಬಿ ವರ್ಷಕ್ಕೆ ಇಷ್ಟೇ ಅನ್ನುವ ಮಿತಿಯಿಂದ ಕಾನ್ರಾಡ್‌ನವರನ್ನು ಬಿಟ್ಟಿದ್ದಾರೆ. ಮನೆಯವರು ಎಚ್-4 ಆಗುತ್ತಾರೆ. ಆ ದಿನವೇ ಜೆ-2ರ ವರ್ಕ್ ಪರ್ಮಿಟ್ ಮುಗಿಯಿತು. ಕಾರ್ಡಿನ ಮೇಲೆ ಮುಂದಿನ ತಾರೀಖು ಅಚ್ಚಾಗಿದ್ದರೂ ಅಷ್ಟೇ. ಎಚ್-4ರಲ್ಲಿ ಕೆಲಸ ಮಾಡಬೇಕು ಅಂದರೆ ಎಚ್-1ಬಿ ಇರುವವರ ಗ್ರೀನ್ ಕಾರ್ಡಿನ ಒಂದು ಹಂತವಾದ ಐ-140 ಅರ್ಜಿ ಮಂಜೂರಾಗಿರಬೇಕು, ಅಥವಾ ಅವರ ಎಚ್-1ಬಿ ಆರು ವರ್ಷ ದಾಟಿ ಮುಂದುವರಿದಿರಬೇಕು. ಹೊಸದಾಗಿ ಹೋಗುವವರಿಗೆ ಎರಡೂ ಇರುವುದಿಲ್ಲ.

ಇದನ್ನು ವಕೀಲರು ಹೇಳಿದ್ದು ಫೋನಿನಲ್ಲಿ, ಬೇರೆ ಏನೋ ಮಾತಾಡುವಾಗ, ಹೀಗೆ ಬಂದು ಹಾಗೆ ಹೋದ ಮಾತಿನಲ್ಲಿ. ಇವಳು ಡ್ಯೂಟಿಯಲ್ಲಿದ್ದಳು. ಸಂಜೆ ಬಂದ ಮೇಲೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಬ್ಯಾಡ ಬಿಡ್ರೀ, ಬೇರೆ ನೋಡೋಣ" ಅಂದಳು. ಬೇರೆ ಏನಿತ್ತು? ಯಾವ ರಾಜ್ಯಕ್ಕೆ ಹೋದರೂ ನನ್ನ ಪಾಡು ಅದೇ. ನಮ್ಮ ಕಂಪನಿಯವರು ಮಾರ್ಚ್‌ನ ಎಚ್-1ಬಿ ಲಾಟರಿಗೆ ನನ್ನ ಹೆಸರು ಹಾಕಿದರು. ಬರಲಿಲ್ಲ. ಇಲ್ಲಿ ಕೂತು ಇಂಡಿಯಾದ ಕಂಪನಿಗೆ ಕೆಲಸ ಮಾಡಬಹುದಾ ಅಂತ ಕೇಳಿದೆ. ಆ ಗೋಜಿಗೇ ಹೋಗಬೇಡಿ ಅಂದರು ವಕೀಲರು.

ಹಾಗಾಗಿ ಮೊದಲ ದಿನವೇ ವಕೀಲರನ್ನು ಕೇಳಬೇಕಾದ ಪ್ರಶ್ನೆ ಇದು: ನನ್ನ ಕೆಲಸ ಯಾವ ದಿನ ನಿಲ್ಲುತ್ತದೆ, ಮತ್ತೆ ಯಾವಾಗ ಶುರುವಾಗಬಹುದು? ಉತ್ತರ ಕೇಳಿಕೊಂಡು ಆಮೇಲೆ ಸಂಬಳದ ಮಾತಾಡಿ. ಇಬ್ಬರ ಸಂಬಳ ಒಬ್ಬರದ್ದಾಗುವುದಾದರೆ ಸೇರುವ ಬೋನಸ್ಸಿನ ಮಾತುಕತೆಯೇ ಬೇರೆ ಆಗುತ್ತದೆ.

ನಮ್ಮ ಮನೆಯಲ್ಲಿ ಆಗ ಮೂರು ಥರದ ಕಾಗದ. ಹೆಂಡತಿಗೆ ಎಚ್-1ಬಿ ಆಗಬೇಕು. ನಾನು, ಬೆಂಗಳೂರಿನಲ್ಲಿ ಹುಟ್ಟಿದ ಮಗಳು ಎಚ್-4 ಆಗಬೇಕು. ಇಲ್ಲೇ ಹುಟ್ಟಿದ ಮೂರು ವರ್ಷದ ಮಗ ಅಮೆರಿಕದ ಪ್ರಜೆ, ಅವನಿಗೆ ಏನೂ ಬೇಡ. ಅರ್ಜಿಯ ರಾಶಿಯ ಪಕ್ಕದಲ್ಲಿ ಕಾರು ಓಡಿಸಿಕೊಂಡು ಕೂತಿರುತ್ತಿದ್ದ. ಎಚ್-1ಬಿ ಖರ್ಚು ಆಸ್ಪತ್ರೆಯದು. ಬೇಗ ನೋಡಲಿ ಅಂತ ಪ್ರೀಮಿಯಂ ಶುಲ್ಕ 2,805 ಡಾಲರನ್ನೂ ಅವರೇ ಕಟ್ಟಿದರು. ಎಚ್-4ರ ಐ-539 ಅರ್ಜಿ ನಮ್ಮ ಕೈಯಿಂದ, ಕಾಗದದಲ್ಲಿ ಹಾಕಿದ್ದಕ್ಕೆ 470 ಡಾಲರ್. ಆಗ ಎರಡನ್ನೂ ಒಟ್ಟಿಗೆ ಹಾಕಿದರೆ ಒಟ್ಟಿಗೇ ನೋಡುವ ಏರ್ಪಾಡಿತ್ತು, ಒಂದು ಕೋರ್ಟ್ ಒಪ್ಪಂದದಿಂದಾಗಿ. ಅದು 2025ರ ಜನವರಿಗೆ ಮುಗಿಯಿತು. ನೀವು ಹೋಗುವಾಗ ಎಚ್-4 ಹಿಂದೆ ಉಳಿಯಬಹುದು ಅನ್ನುವ ಎಣಿಕೆ ಇಟ್ಟುಕೊಳ್ಳಿ.

ಇನ್ನೊಂದು ನೋವಿನ ವಿಷಯ. ಸ್ಟೇಟಸ್ ಬದಲಾಯಿಸುವ ಅರ್ಜಿ ಒಳಗಿರುವಾಗ ದೇಶ ಬಿಟ್ಟರೆ ಆ ಅರ್ಜಿ ಕೈಬಿಟ್ಟಂತೆ. ನನ್ನ ತಂಗಿಯ ಮದುವೆ ಅದೇ ಮೇ ತಿಂಗಳಲ್ಲಿತ್ತು. ಧಾರೆಯನ್ನು ಫೋನಿನಲ್ಲಿ ನೋಡಿದೆವು. ಇಲ್ಲಿ ನಡುರಾತ್ರಿ. ಅಮ್ಮ ಫೋನ್ ಹಿಡಿದುಕೊಂಡು ಎಲ್ಲರ ಹತ್ತಿರವೂ ಹೋಗಿ ತೋರಿಸಿದರು. "ಅಲ್ಲಿ ಅಕ್ಕಪಕ್ಕ ನಮ್ಮೋರು ಯಾರಾದ್ರೂ ಇದಾರೇನೋ?" ಅಂತ ಗಲಾಟೆಯ ಮಧ್ಯದಲ್ಲೇ ಕೇಳಿದರು. ಇಲ್ಲಮ್ಮ ಅಂದೆ. "ಮತ್ತೆ ಯಾಕೆ ಹೋಗ್ತೀರಿ?" ಅದಕ್ಕೆ ಅಷ್ಟು ಗದ್ದಲದಲ್ಲಿ ಉತ್ತರ ಹೇಳುವುದು ಹೇಗೆ?

ಜೂನ್‌ನಲ್ಲಿ ಎಲ್ಲ ಮಂಜೂರಾಯಿತು. 30ಕ್ಕೆ ರೆಸಿಡೆನ್ಸಿ ಮುಗಿಯಿತು, ಹಳೆಯ ಆಸ್ಪತ್ರೆಯ ಆರೋಗ್ಯ ವಿಮೆಯೂ ಮುಗಿಯಿತು. ಹೊಸದು ಶುರುವಾಗುವುದು ಆಗಸ್ಟ್ 1ಕ್ಕೆ. ನಡುವಿನ ತಿಂಗಳಿಗೆ ಕೋಬ್ರಾ ಅಂತ ಒಂದಿದೆ. ಹಳೆಯ ವಿಮೆಯನ್ನೇ ನಾವು ಪೂರ್ತಿ ದುಡ್ಡು ಕೊಟ್ಟು ಮುಂದುವರಿಸುವುದು. ದುಬಾರಿ. ಆದರೆ ಆರಿಸಿಕೊಳ್ಳಲು 60 ದಿನ ಕೊಡುತ್ತಾರೆ, ಆಮೇಲೆ ಆರಿಸಿದರೂ ಹಿಂದಿನ ದಿನಾಂಕದಿಂದಲೇ ಜಾರಿ. ಹಾಗಾಗಿ ಕಾಗದ ಇಟ್ಟುಕೊಂಡು ಕಾದೆವು. ಯಾರಿಗೂ ಏನೂ ಆಗಲಿಲ್ಲ, ಕಟ್ಟಲಿಲ್ಲ.

ಸಾಮಾನು ಯು-ಹಾಲ್ ಕಂಪನಿಯ ಬಾಡಿಗೆ ಟ್ರಕ್ಕಿನಲ್ಲಿ. ನಾನು ಮತ್ತು ಒಬ್ಬ ಗೆಳೆಯ ಟ್ರಕ್ಕಿನಲ್ಲಿ, ಇವಳು ಮಕ್ಕಳೊಂದಿಗೆ ಕಾರಿನಲ್ಲಿ. ನ್ಯೂಜೆರ್ಸಿಯಲ್ಲಿ ಐ-80 ಹತ್ತಿದರೆ ವಯೋಮಿಂಗ್‌ವರೆಗೂ ರಸ್ತೆ ಬದಲಾಯಿಸುವ ಕೆಲಸವೇ ಇಲ್ಲ. ಅಯೋವಾ, ನೆಬ್ರಾಸ್ಕಾ ಪೂರ್ತಿ ಜೋಳ. ಶೆಯೆನ್ ದಾಟಿದ ಮೇಲೆ ಏರು. 8,640 ಅಡಿ ಎತ್ತರದ ಶರ್ಮನ್ ಸಮಿಟ್, ಐ-80ರಲ್ಲಿ ಅದಕ್ಕಿಂತ ಎತ್ತರದ ಜಾಗ ಇಲ್ಲ. ತುಂಬಿದ ಟ್ರಕ್ ಅಲ್ಲಿ ಏದುಸಿರು ಬಿಡುತ್ತಿತ್ತು. ರಾಲಿನ್ಸ್ ದಾಟಿದ ಮೇಲೆ ಒಂದು ವಿಚಿತ್ರ ಬಯಲು ಬರುತ್ತದೆ. ಅಲ್ಲಿ ಬಿದ್ದ ಮಳೆ ಅಟ್ಲಾಂಟಿಕ್‌ಗೂ ಹೋಗುವುದಿಲ್ಲ, ಪೆಸಿಫಿಕ್‌ಗೂ ಹೋಗುವುದಿಲ್ಲ, ಅಲ್ಲೇ ಇಂಗಿ ಆರಿಹೋಗುತ್ತದೆ.

ಬಾಡಿಗೆ ಮನೆ ಸಿಗುವುದು ಅಷ್ಟು ಸುಲಭವಲ್ಲ. ಈ ಊರುಗಳಲ್ಲಿ ಮನೆಗಳೇ ಕಮ್ಮಿ. ಗಣಿ ಕೆಲಸ ಜೋರಾದಾಗ ಇನ್ನೂ ಕಷ್ಟ. ಇಲ್ಲಿ ಹೆಚ್ಚಾಗಿ ಟ್ರೋನಾ. ಅಡುಗೆ ಸೋಡಾ, ಗಾಜು ಇವೆಲ್ಲಕ್ಕೂ ಬೇಕಾಗುವ ಖನಿಜ. ಪ್ರಪಂಚದ ಅತಿ ದೊಡ್ಡ ನಿಕ್ಷೇಪ ಇಲ್ಲಿನ ಗ್ರೀನ್ ರಿವರ್ ಕಡೆ ಇದೆ. ಇಂಟರ್ನೆಟ್ಟಿನಲ್ಲಿ ಹುಡುಕಿ ಸುಸ್ತಾಗಿದ್ದೆವು. ಕೊನೆಗೆ ಆಸ್ಪತ್ರೆಯ ನರ್ಸ್ ಒಬ್ಬರ ಚಿಕ್ಕಪ್ಪನ ಮನೆ ಸಿಕ್ಕಿತು. ಜಾಹೀರಾತಿಗೆ ಬರುವ ಮೊದಲೇ ಮನೆಗಳು ಬಾಯಿಂದ ಬಾಯಿಗೆ ಹೋಗಿಬಿಡುತ್ತವೆ. ಕೆಲಸ ಸಿಕ್ಕ ತಕ್ಷಣ ಅಲ್ಲಿನ ಎಲ್ಲರಿಗೂ ಮನೆ ಬೇಕು ಅಂತ ಹೇಳಿಡಿ.

ಕಾರಿನ ಕಾಗದಕ್ಕೆ ಬಂದರೆ ಎರಡು ವಿಷಯ. ನ್ಯೂಯಾರ್ಕಿನಿಂದ ಬರುವವರು ಹಳೆಯ ನಂಬರ್ ಪ್ಲೇಟನ್ನು ಅಲ್ಲಿನ ಮೋಟಾರು ಇಲಾಖೆಗೆ ವಾಪಸ್ ಕೊಟ್ಟು ರಸೀದಿ ಪಡೆದ ಮೇಲೆಯೇ ಅಲ್ಲಿನ ಇನ್ಶೂರೆನ್ಸ್ ನಿಲ್ಲಿಸಬೇಕು. ತಿರುವುಮುರುವಾದರೆ ಲೈಸೆನ್ಸ್ ಅಮಾನತು ಮಾಡಬಹುದು. ಎರಡನೆಯದು, ಬೇರೆ ರಾಜ್ಯದ ಕಾರಿಗೆ ವಯೋಮಿಂಗ್‌ನಲ್ಲಿ ಪೊಲೀಸರೇ ವಿಐಎನ್ ನೋಡಿ ಸಹಿ ಹಾಕಬೇಕು. ವಿಐಎನ್ ಅಂದರೆ ನಮ್ಮಲ್ಲಿ ಚಾಸಿ ನಂಬರ್ ಅನ್ನುತ್ತೀವಲ್ಲ, ಅದು. ಶೆರಿಫ್ ಆಫೀಸಿನಿಂದ ಒಬ್ಬರು ಫಾರ್ಮ್ ಹಿಡಿದು ಹೊರಗೆ ಬಂದರು. ಎತ್ತರದ ಆಳು, ಸೊಂಟದಲ್ಲಿ ಪಿಸ್ತೂಲು. ಗಾಜಿನ ಮೂಲೆಯಲ್ಲಿ ನಂಬರ್ ನೋಡಲು ಬಗ್ಗಿದರು. ಅಲ್ಲಿ ಅತ್ತೆ ಅಂಟಿಸಿ ಕಳಿಸಿದ್ದ ಸಣ್ಣ ಗಣೇಶ ಕೂತಿದ್ದಾನೆ, ನಂಬರಿನ ಕೊನೆಯ ಅಂಕಿಗಳ ಮೇಲೇ. ಇದನ್ನು ಸ್ವಲ್ಪ ಸರಿಸುತ್ತೀರಾ ಅಂದರು. ಗಮ್ ಹಾಕಿ ಅಂಟಿಸಿದೆ, ಬರುವುದಿಲ್ಲ ಅಂದೆ. ಯಾರಿದು ಅಂತ ಕೇಳಿದರು. ಅಡ್ಡಿ ತೆಗೆಯುವ ದೇವರು ಅಂದೆ. ನಕ್ಕುಬಿಟ್ಟರು. ಬಾಗಿಲು ತೆಗೆಸಿ, ಒಳಗಿನ ಸ್ಟಿಕ್ಕರಿನಲ್ಲಿ ಅದೇ ನಂಬರ್ ಓದಿ ಬರೆದುಕೊಂಡು ಸಹಿ ಹಾಕಿಕೊಟ್ಟರು.

ಆ ಫಾರ್ಮ್ ಹಿಡಿದು ಕೌಂಟಿ (ನಮ್ಮ ಜಿಲ್ಲೆ ಇದ್ದಂತೆ) ಕ್ಲರ್ಕ್ ಆಫೀಸಿನಲ್ಲಿ ಕಾರಿನ ಹಕ್ಕುಪತ್ರ ಮಾಡಿಸಿ, ಆಮೇಲೆ ಕೌಂಟಿ ಖಜಾಂಚಿ ಆಫೀಸಿನಲ್ಲಿ ಪ್ಲೇಟ್ ತೆಗೆದುಕೊಳ್ಳಬೇಕು. ಕಾರು ಹೊಸದಿದ್ದಾಗಿನ ಬೆಲೆಯ ಮೇಲೆ ಶುಲ್ಕ, ಹಾಗಾಗಿ ದೊಡ್ಡ ಕಾರಿದ್ದವರು ಚೆಕ್ ಬುಕ್ ಗಟ್ಟಿ ಹಿಡಿದುಕೊಳ್ಳಿ. ಪ್ಲೇಟಿನ ಮೊದಲ ಅಂಕಿ ಕೌಂಟಿಯದು. ಕೆಎ-14 ನೋಡಿದರೆ ಶಿವಮೊಗ್ಗ ಅನ್ನುವ ಹಾಗೆ ಇಲ್ಲಿನವರು ಪ್ಲೇಟ್ ನೋಡಿಯೇ ಯಾವ ಕಡೆಯವರು ಅಂತ ಹೇಳುತ್ತಾರೆ. ಡ್ರೈವಿಂಗ್ ಲೈಸೆನ್ಸ್ ಇವಳಿಗೆ ಅವತ್ತೇ ಆಯಿತು, ನನ್ನ ಎಚ್-4 ಕಂಪ್ಯೂಟರಿನಲ್ಲಿ ತಾಳೆಯಾಗಲಿಲ್ಲ. ಮತ್ತೆ ಬನ್ನಿ ಅಂದರು. ಮಂಜೂರಾತಿ ಪತ್ರ ಐ-797ರ ಮೂಲ ಪ್ರತಿ, ದೇಶದಲ್ಲಿ ಇರುವ ಅವಧಿ ತೋರಿಸುವ ಹೊಸ ಐ-94, ಪಾಸ್‌ಪೋರ್ಟ್ ಮೂರೂ ಹಿಡಿದು ಹೋಗಿ. ಹಳೆಯ ಲೈಸೆನ್ಸ್ ಮುಗಿಯುವ ಕೊನೆ ವಾರಕ್ಕೆ ಇಟ್ಟುಕೊಳ್ಳಬೇಡಿ.

ಮನೆ ಸೇರಿದ ಮೇಲಿನ ಕಷ್ಟಗಳು ಬೇರೆ ಜಾತಿಯವು. ಸಮುದ್ರ ಮಟ್ಟದಿಂದ 6,000 ಅಡಿಗೂ ಮೇಲೆ ನೀರು 94 ಡಿಗ್ರಿ ಸುತ್ತಮುತ್ತಲೇ ಕುದಿಯುತ್ತದೆ. ತೊಗರಿಬೇಳೆ ಪಾತ್ರೆಯಲ್ಲಿ ಬೇಯಿಸುತ್ತೇನೆ ಅಂದರೆ ಬೇಯುವುದೇ ಇಲ್ಲ. ಕುಕ್ಕರಿಗೂ ಎರಡು ಸೀಟಿ ಜಾಸ್ತಿ ಬೇಕು. ಗಾಳಿ ಎಷ್ಟು ಒಣ ಅಂದರೆ ಮಗನ ಮೂಗಿನಲ್ಲಿ ರಕ್ತ ಬಂದು ಹೆದರಿದೆವು. ಹ್ಯುಮಿಡಿಫೈಯರ್ ತಂದಿಟ್ಟೆವು, ಕಮ್ಮಿಯಾಯಿತು. ದೋಸೆ ಹಿಟ್ಟನ್ನು ಓವನ್ನಿನ ಒಳಗಿಟ್ಟು ದೀಪ ಹಾಕಿದರೆ ಹುದುಗು ಬರುತ್ತದೆ. ಸಾಲ್ಟ್ ಲೇಕ್ ಸಿಟಿಗೆ ಹೋದಾಗ ಸೋನಾ ಮಸೂರಿ, ಬೇಳೆ, ಬ್ಯಾಡಗಿ ಮೆಣಸಿನಕಾಯಿ ಎಲ್ಲ ತಿಂಗಳುಗಟ್ಟಲೆ ಆಗುವಷ್ಟು ತರುತ್ತೇವೆ. ಕರಿಬೇವಿಗೆ ಅಂತಲೇ ಡೀಪ್ ಫ್ರೀಜರ್ ಕೊಂಡದ್ದು.

ಮೊದಲ ಹಿಮ ಅಕ್ಟೋಬರ್‌ನಲ್ಲೇ ಬಿತ್ತು. ಹಿಮಕ್ಕಿಂತ ಗಾಳಿ ಕೆಟ್ಟದ್ದು. ಗಾಳಿ ಎದ್ದರೆ ಐ-80ಯನ್ನೇ ಮುಚ್ಚಿಬಿಡುತ್ತಾರೆ, ನಮ್ಮ ರೈಲ್ವೆ ಗೇಟಿನ ಥರ ಹೆದ್ದಾರಿಗೇ ಗೇಟು. ಮುಚ್ಚಿದ ಸಂಜೆ ಊರಿನ ಪೆಟ್ರೋಲ್ ಬಂಕ್, ಅಂಗಡಿ ಬಯಲು, ಎಲ್ಲೆಲ್ಲೂ ಲಾರಿಗಳ ಸಾಲು. ಒಮ್ಮೆ ಇವಳನ್ನು ಬಿಡಿಸಬೇಕಿದ್ದ ಡಾಕ್ಟರು ಗೇಟಿನ ಆಚೆ ಸಿಕ್ಕಿಕೊಂಡರು. ಇವಳು ಆಸ್ಪತ್ರೆಯಲ್ಲೇ ಎರಡು ಪಾಳಿ ಕಳೆದಳು. ರಸ್ತೆ ತೆರೆದಿದೆಯೋ ಮುಚ್ಚಿದೆಯೋ ಅಂತ ಹೇಳುವ ವಯೋಮಿಂಗ್‌ನ 511 ಆ್ಯಪ್ ಫೋನಿನಲ್ಲಿ ಹಾಕಿಕೊಳ್ಳಿ. ಕಾರಿನಲ್ಲಿ ಕಂಬಳಿ, ನೀರು, ಸಲಿಕೆ ಇಟ್ಟಿರಿ. ಚಳಿಗಾಲದ ಟೈರಿಗೆ ಜಿಪುಣತನ ಬೇಡ.

ಅಕ್ಕಪಕ್ಕದವರು ಒಳ್ಳೆಯವರು. ಬೇಟೆಯ ಕಾಲದಲ್ಲಿ ಪಕ್ಕದ ಮನೆಯವರು ಬಿಳಿ ಕಾಗದದಲ್ಲಿ ಸುತ್ತಿದ ಪೊಟ್ಟಣ ತಂದುಕೊಟ್ಟರು. ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಮಾಂಸ. ಇವಳು ಲಿಂಗಾಯತರ ಮನೆ ಹುಡುಗಿ, ಮೊಟ್ಟೆಯನ್ನೂ ಮುಟ್ಟದವಳು. ಪ್ರೀತಿಯಿಂದ ತಂದಿದ್ದನ್ನು ಬೇಡ ಅನ್ನುವುದು ಹೇಗೆ? ನಾವು ತಿನ್ನುವುದಿಲ್ಲ ಅಂತ ನಾನೇ ವಿವರಿಸಿದೆ. ಆಮೇಲಿಂದ ಅವರ ಮನೆಯ ಟೊಮೆಟೊ ಬರುತ್ತದೆ, ನಮ್ಮ ಮನೆಯ ಚಿತ್ರಾನ್ನ ಹೋಗುತ್ತದೆ.

ಮನೆಯಲ್ಲಿ ಕೂತ ಕಾಲ ಹೇಗಿತ್ತು ಅಂತ ಗೆಳೆಯರು ಕೇಳುತ್ತಾರೆ. ಮೊದಲ ಎರಡು ತಿಂಗಳು ರಜೆಯ ಹಾಗಿತ್ತು. ಆಮೇಲೆ ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಬಂದು ಕಾರಿನಲ್ಲೇ ಕೂತಿರುತ್ತಿದ್ದೆ, ಇಳಿಯಲು ಕಾರಣ ಇರುತ್ತಿರಲಿಲ್ಲ. ಊರಿನ ಲೈಬ್ರರಿಯಲ್ಲಿ ಸುಮ್ನೆ ಕೂರಲು ಶುರುಮಾಡಿದೆ. ಶಾಲೆಯಲ್ಲಿ ಮಕ್ಕಳಿಗೆ ಓದಿಸಲು ಸಹಾಯಕ್ಕೆ ಹೋದೆ, ಸಂಬಳವಿಲ್ಲದೆ. ಅದಕ್ಕೂ ಮೊದಲು ವಕೀಲರನ್ನು ಕೇಳಿಕೊಳ್ಳಿ, ಎಲ್ಲ ಥರದ ಬಿಟ್ಟಿ ಕೆಲಸವೂ ಎಚ್-4ಗೆ ನಡೆಯುವುದಿಲ್ಲ.

ಹೊರಬರುವ ದಾರಿ ಸಿಕ್ಕಿದ್ದು ಇವಳ ಕಡೆಯಿಂದಲೇ. ಕೊರತೆಯ ಜಾಗದಲ್ಲಿ ಒಟ್ಟು 5 ವರ್ಷ ಕೆಲಸ ಮಾಡುತ್ತೇನೆ ಅಂದ ಡಾಕ್ಟರಿಗೆ ನ್ಯಾಷನಲ್ ಇಂಟರೆಸ್ಟ್ ವೇವರ್ ಅಂತ ಒಂದಿದೆ (ಇದು ಗ್ರೀನ್ ಕಾರ್ಡಿನದು, ಮೊದಲಿನ ವೇವರ್ ಬೇರೆ), ಅದರ ಮೇಲೆ ಐ-140 ಹಾಕಬಹುದು. ಕಾನ್ರಾಡ್‌ನ 3 ವರ್ಷ ಆ 5ರಲ್ಲೇ ಸೇರುತ್ತದೆ. 5 ವರ್ಷ ಮುಗಿಯುವ ತನಕ ಕಾಯದೆ ಈಗಲೇ ಐ-140 ಮಂಜೂರು ಮಾಡಿಸಿಕೊಳ್ಳಬಹುದು. ಗ್ರೀನ್ ಕಾರ್ಡ್ ನಾಳೆ ಬರುತ್ತದೆ ಅಂತಲ್ಲ. ಈ ಬಗೆಯ ಗ್ರೀನ್ ಕಾರ್ಡಿಗೆ ಕಾಯುವ ಭಾರತದವರ ಇಬಿ-2 ಸಾಲಿನಲ್ಲಿ 2025ರಲ್ಲಿ ನಡೆಯುತ್ತಿದ್ದುದು 2013ರ ಸುತ್ತ ಅರ್ಜಿ ಹಾಕಿದವರ ಸರದಿ. ಆದರೆ ಐ-140 ಆದರೆ ನನ್ನ ವರ್ಕ್ ಪರ್ಮಿಟ್ಟಿಗೆ ದಾರಿ ಆಯಿತಲ್ಲ, ಅಷ್ಟು ಸಾಕಿತ್ತು.

3 ವರ್ಷಕ್ಕೆ ಅಂತ ಬಂದವರು 5ಕ್ಕೆ ಸಹಿ ಹಾಕುವುದಾ? ಅದರ ಬಗ್ಗೆ ರಾತ್ರಿಗಟ್ಟಲೆ ಮಾತಾಡಿದೆವು. ಮಗಳಿಗೆ ಇಲ್ಲಿ ಗೆಳತಿಯರಾಗಿದ್ದರು. ಇವಳಿಗೆ ಕೆಲಸ ಹಿಡಿಸಿತ್ತು. ಎರಡು ಗಂಟೆ ದೂರದ ಹುಲ್ಲುಗಾವಲಿನಿಂದ ಬರುವ ಮುದುಕರು ಹೆಸರು ಹಿಡಿದು ಕೇಳಿಕೊಂಡು ಬರುತ್ತಾರೆ. ಬೇಡ ಅನ್ನಲು ನನಗೊಬ್ಬನಿಗೇ ಕಾರಣವಿತ್ತು, ಆ ಕಾರಣ ಈ ಸಹಿಯಿಂದಲೇ ಹೋಗುತ್ತಿತ್ತು. ಹಾಕಿದೆವು. ಆರೋಗ್ಯ ಇಲಾಖೆಯ ಪತ್ರ, ಆಸ್ಪತ್ರೆಯ ಪತ್ರ ಎಲ್ಲ ಸೇರಿಸಿ ಪ್ರೀಮಿಯಂನಲ್ಲಿ ಹಾಕಿದ್ದು. ಈ ಬಗೆಯ ಅರ್ಜಿಗೆ ಪ್ರೀಮಿಯಂ ಅಂದರೂ 45 ಕೆಲಸದ ದಿನ. ಮಂಜೂರಾದ ಮೇಲೆ ನನ್ನ ವರ್ಕ್ ಪರ್ಮಿಟ್ ಅರ್ಜಿ ಐ-765, ಕಾಗದದಲ್ಲಿ 520 ಡಾಲರ್. ಅದಕ್ಕೆ ಪ್ರೀಮಿಯಂ ಇಲ್ಲ, ಕಾಯಲೇಬೇಕು. ಈ ಶುಲ್ಕಗಳೆಲ್ಲ ನಾವು ಕಟ್ಟಿದಾಗಿನವು. ಹಾಕುವ ದಿನ ಯುಎಸ್‌ಸಿಐಎಸ್ ಸೈಟಿನಲ್ಲಿ ನೋಡಿಕೊಂಡೇ ದುಡ್ಡು ಕಟ್ಟಿ, ಹೆಚ್ಚುಕಮ್ಮಿಯಾದರೆ ಅರ್ಜಿ ವಾಪಸ್ ಬರುತ್ತದೆ.

2025ರ ಕೊನೆಯ ಹೊತ್ತಿಗೆ ಕಾರ್ಡ್ ಬಂತು. ಹಳೆಯ ಕಂಪನಿಯಲ್ಲಿ ನನ್ನ ಜಾಗ ಯಾವಾಗಲೋ ತುಂಬಿತ್ತು. ಈಗ ಇಲ್ಲೇ ಶಾಲೆಗಳ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಸಂಬಳ ಮೊದಲಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಆದರೆ ನಾಲ್ಕು ಗಂಟೆಗೆ ಮಕ್ಕಳ ಜೊತೆಯಲ್ಲೇ ಮನೆಗೆ ಬರುತ್ತೇನೆ.

ಬಾಕಿ ಇರುವುದು ಊರಿಗೆ ಹೋಗಿ ಬರುವುದು. ಪಾಸ್‌ಪೋರ್ಟಿನಲ್ಲಿ ಹಳೆಯ ಜೆ ವೀಸಾ ಮುದ್ರೆಯೇ ಇದೆ, ಹೊರಗೆ ಹೋದರೆ ಎಚ್ ಮುದ್ರೆ ಹಾಕಿಸಿಕೊಂಡೇ ವಾಪಸ್ ಬರಬೇಕು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಶುರುವಾಯಿತು, ಆದರೆ ಶುರುವಾದಾಗ ಅಲ್ಲಿ ವೀಸಾ ಕೆಲಸ ಇರಲಿಲ್ಲ. ನಾವು ಚೆನ್ನೈ ಲೆಕ್ಕ ಹಾಕಿಕೊಂಡಿದ್ದೇವೆ. ಅಪಾಯಿಂಟ್‌ಮೆಂಟ್ ಸಿಗದೆ ಟಿಕೆಟ್ ಕೊಳ್ಳಬೇಡಿ, ಆಸ್ಪತ್ರೆಯ ರಜೆಯನ್ನು ಎರಡು ವಾರ ಹೆಚ್ಚೇ ಕೇಳಿಡಿ. ಎಚ್-4 ವರ್ಕ್ ಪರ್ಮಿಟ್ ಇರುವವರಿಗೆ ಇನ್ನೊಂದು ಮಾತು. 2025ರ ಅಕ್ಟೋಬರ್ 30ರಿಂದ ಈಚೆಗೆ ಹಾಕಿದ ನವೀಕರಣ ಅರ್ಜಿಗೆ ಹಳೆಯ ಕಾರ್ಡ್ ತಾನಾಗಿ ಮುಂದುವರಿಯುವ ಸೌಲಭ್ಯ ತೆಗೆದಿದ್ದಾರೆ. ಮುಗಿಯುವ 180 ದಿನ ಮೊದಲೇ ಹಾಕಲು ಬಿಡುತ್ತಾರೆ, ಆ ಮೊದಲ ದಿನವೇ ಹಾಕಿ.